ಹದಿನೆಂಟು ಲೀಟರಿನ ಕಡಲು

ಡಬ್ಬದ ಮೇಲೆ ನೀಲಿ ಅಕ್ಷರದಲ್ಲಿ ಉಂಟು:
ಮೊದಲ ಸಲದವರಿಗೆ. ಇಂದೇ ತನ್ನಿ, ಇಂದೇ ಮೀನು ಬಿಡಿ.
ಪಕ್ಕದಲ್ಲಿ ನಗುವ ಮಗು, ನಗುವ ಮೀನು.
ಮೀನು ನಗುವುದಿಲ್ಲ. ಬಾಯಿ ತೆರೆಯುವುದು ಉಸಿರಿಗೆ.

ಫಳ್ನೀರಿನ ಅಂಗಡಿಯಲ್ಲಿ ಆರು ವರ್ಷ
ಆ ಅಕ್ಷರಗಳನ್ನು ಬಾಯಿಪಾಠ ಒಪ್ಪಿಸಿದವ ನಾನು.
"ಎಂತ ಕಷ್ಟವೂ ಇಲ್ಲ ಮಾರಾಯ್ರೆ,
ಪ್ಯಾಕೆಟಿನ ಉಪ್ಪು ಸುರಿಯಿರಿ, ಪ್ಲಗ್ ಹಾಕಿ, ಆಯಿತು."
ಧಣಿ ಸಿರಿಲ್ ಸೆರಾವೊ ಕ್ಯಾಶಿನಲ್ಲಿ ಕೂತು ತಲೆಯಾಡಿಸುತ್ತಿದ್ದರು.

ಆ ದಿನ ಬಂದವರು ತೋಟ ಬೆಂಗ್ರೆಯ ದೂಮಪ್ಪ ಪುತ್ರನ್.
ನಲವತ್ತು ವರ್ಷ ತಾಂಡೇಲರಾಗಿ ಬೋಟು ನಡೆಸಿದವರು,
ನೀರಿನ ಬಣ್ಣ ನೋಡಿ ಬಂಗುಡೆ ಎಲ್ಲುಂಟೆಂದು ಹೇಳಬಲ್ಲವರು.
ಮೊಮ್ಮಗಳು ಪ್ರಾಪ್ತಿಗೆ ಕಿತ್ತಳೆ ಪಟ್ಟೆಯ ಮೀನು ಬೇಕಂತೆ.
ಡಬ್ಬ ತಿರುಗಿಸಿ ತಿರುಗಿಸಿ ಓದಿದರು.
"ಕಡಲಿಗೂ ಒಂದನೇ ಕ್ಲಾಸು ಉಂಟಾ?"
ನಾನು ನಕ್ಕೆ. ಬಿಲ್ಲು ಬರೆದೆ.

ಬಂದರಿನಿಂದ ಹೊಳೆ ದಾಟುವ ದೋಣಿಯಲ್ಲಿ
ತೊಡೆಯ ಮೇಲೆ ಗಾಜಿನ ಪೆಟ್ಟಿಗೆ, ಕೈಯಲ್ಲಿ ಉಪ್ಪಿನ ಪ್ಯಾಕೆಟು.
ಈಚೆ ಹೊಳೆ, ಆಚೆ ಕಡಲು, ನಡುವೆ ಮರಳಿನ ಊರು;
ಅಲ್ಲಿಗೆ ಅವರು ಕಡಲು ಕೊಂಡುಹೋದರು.
ದಡದಲ್ಲಿ ಕೇಳಿದರಂತೆ, "ಎಂತದು ತಾಂಡೇಲರೆ, ಟಿ.ವಿ.ಯಾ?"

ಐದನೇ ದಿನ ಅಂಗಡಿ ತೆರೆಯುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದರು.
ಬೈಯಲಿಲ್ಲ. ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು:
ತಿನಿಸು ಹೆಚ್ಚಾಯಿತು, ಕೈ ಅದ್ದಿದ್ದೀರಿ, ಕರೆಂಟು ಹೋಗಿರಬೇಕು.
ತಪ್ಪು ಯಾವಾಗಲೂ ಕೊಂಡವರದ್ದೇ.
ಅವರೆಂದರು:
"ಸತ್ತ ಮೀನು ನಾನು ನೋಡದ್ದಾ?
ನಾನು ಕೊಂದದ್ದನ್ನು ರಾಶಿ ಹಾಕಲು ಬಂದರು ಸಾಲದು.
ಅದೆಲ್ಲ ಯಾರದೋ ಊಟಕ್ಕೆ.
ಇದು ಯಾರ ಹೊಟ್ಟೆಗೂ ಆಗಲಿಲ್ಲ.
ಮಗು ಕೇಳುತ್ತದೆ, ಅಜ್ಜ, ಇದು ಯಾತಕ್ಕೆ ಸತ್ತದ್ದು?
ನನಗೆ ಗೊತ್ತಿಲ್ಲ. ನಿನಗೆ ಗೊತ್ತುಂಟಾ?"

ಗೊತ್ತಿತ್ತು.

ಹೊಸ ನೀರು ಇನ್ನೂ ನೀರಲ್ಲ ಎಂದು ಗೊತ್ತಿತ್ತು.
ಕಲ್ಲಿನ ಸಂದಿಯಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡಬೇಕು,
ಹೊಲಸನ್ನು ತಿಂದು ತೀರಿಸಬೇಕು,
ಅದಕ್ಕೆ ಐದಾರು ವಾರ; ಅಲ್ಲಿವರೆಗೆ
ಮೀನು ತನ್ನ ಉಚ್ಚೆಯಲ್ಲೇ ಬೇಯುತ್ತದೆ.
ಪೆಟ್ಟಿಗೆ ಸಣ್ಣದಾದಷ್ಟು ಸುಲಭ ಎನ್ನುವುದು ಸುಳ್ಳು:
ಹದಿನೆಂಟು ಲೀಟರಿನಲ್ಲಿ ತಪ್ಪು ಕರಗುವಷ್ಟು ಜಾಗ ಇಲ್ಲ.
ಏಪ್ರಿಲಿನ ಸೆಕೆಗೆ ನೀರು ಆರುತ್ತದೆ.
ಉಪ್ಪು ಆರುವುದಿಲ್ಲ.
ಉಪ್ಪು ಅಲ್ಲೇ ಇರುತ್ತದೆ.
ಇದೆಲ್ಲ ಡಬ್ಬದೊಳಗಿನ ಚೀಟಿಯಲ್ಲೂ ಉಂಟು,
ಇರುವೆ ಕಾಲಿನಂಥ ಅಕ್ಷರದಲ್ಲಿ, ಹನ್ನೊಂದನೇ ಸಾಲು.

ಹಣ ವಾಪಸು ಕೊಡಹೋದೆ. ಸೆರಾವೊ ಕೆಮ್ಮಿದರು.
"ಹಣ ಬೇಡ," ಎಂದರು ತಾಂಡೇಲರು, "ಆ ಮಗುವಿಗೆ ನೀನೇ ಬಂದು ಹೇಳು."

ಭಾನುವಾರ ನನ್ನ ಮನೆಯ ಹಳೆಯ ತೊಟ್ಟಿ ಹೊತ್ತು ಹೊಳೆ ದಾಟಿದೆ,
ನೂರಿಪ್ಪತ್ತು ಲೀಟರಿನದ್ದು, ಅದರ ಕಲ್ಲುಗಳ ಸಮೇತ.
ಎಂಟು ವರ್ಷದ ಹುಡುಗಿಗೆ ಹೇಳಿದೆ:
ನಿನ್ನ ಮೀನು ಸತ್ತದ್ದು ನಾನು ಹೇಳಿದ ಸುಳ್ಳಿಗೆ.
ಅವಳು ಸುಮ್ಮನೆ ನೋಡಿದಳು. ಆಮೇಲೆ ಬಕೆಟು ತಂದಳು.
ಸಿಗಡಿಯ ಒಂದು ತುಂಡು ಹಾಕಿ ಕೊಳೆಯಲು ಬಿಟ್ಟೆವು.
ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಟ್ಟೆ.
ದಿನಾ ಗಾಜಿನ ನಳಿಗೆಯಲ್ಲಿ ನೀರು, ಕೆಲವು ತೊಟ್ಟು ಮದ್ದು:
ಹಸಿರು ಬಂದರೆ ವಿಷ, ಹಳದಿ ಬಂದರೆ ಇಲ್ಲ.

ಬೆಂಗ್ರೆಯಲ್ಲಿ ನಗೆ: ತಾಂಡೇಲರು ಈಗ ನೀರು ಸಾಕುತ್ತಾರೆ.

ಅಂಗಡಿಯಲ್ಲಿ ನಾನು ಡಬ್ಬದ 'ಇಂದೇ'ಯ ಮೇಲೆ
ಬಿಳಿ ಕಾಗದ ಅಂಟಿಸುತ್ತೇನೆ. ಮಧ್ಯಾಹ್ನ ಧಣಿ ಕೀಳುತ್ತಾರೆ.
ಸಂಜೆ ಮತ್ತೆ ಅಂಟಿಸುತ್ತೇನೆ.
ಇಬ್ಬರೂ ಮಾತಾಡುವುದಿಲ್ಲ.

ಏಳು ಗಂಟೆಗೆ ಫೋನು. "ಅಂಕಲ್, ಇವತ್ತೂ ಹಸಿರು."
"ಕಾಯಬೇಕು."
"ಅಂಕಲ್, ಹಸಿರೇ."
"ಕಾಯಬೇಕು ಪುಟ್ಟಿ."
ಮೂವತ್ತೊಂದನೇ ದಿನ, "ಹಳದಿಯ ಹಾಗೆ ಉಂಟು, ಅಜ್ಜ ಅಲ್ಲ ಅಂತಾರೆ."

ನಿನ್ನೆ ಬಣ್ಣ ಹೇಳಲಿಲ್ಲ. ಪಿಸುಗುಟ್ಟಿದಳು,
ಜೋರಾಗಿ ಹೇಳಿದರೆ ಅದು ಓಡಿಹೋಗುವುದೇನೋ ಎಂಬಂತೆ:
"ಕಲ್ಲಿನ ತೂತಿನಿಂದ ಎಂತದೋ ಬಂದಿದೆ, ಕೂದಲಷ್ಟು ಸಣ್ಣ,
ಬೀಸಣಿಗೆ ಬಿಚ್ಚುತ್ತದೆ, ಮುಚ್ಚುತ್ತದೆ.
ನಾವು ತಂದದ್ದಲ್ಲ ಅಂಕಲ್.
ಅದೇ ಬಂದದ್ದು."