ಸೇತುವೆಗೆ ಮುಂಚಿನ ಕೊನೆಯ ಬಂಕು

ಡೆಲವೇರ್ ನದಿಯ ಈ ದಡದಲ್ಲಿ ನನ್ನ ಪೆಟ್ರೋಲ್ ಬಂಕು.
ನನ್ನದೆಂದರೆ, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ನನ್ನದು;
ಆಮೇಲೆ ಯಜಮಾನನದು.

ಗಾಜಿನ ಹಿಂದೆ ಕೂತು ಡಿಕ್ಕಿಗಳನ್ನು ನೋಡುತ್ತೇನೆ.
ಮೂರನೇ ಪಂಪಿನ ಆಚೆ, ದೀಪ ಕೆಟ್ಟಿರುವ ಕಡೆ
ಕಾರು ನಿಲ್ಲುತ್ತದೆ.
ಯಾರೋ ಬೆನ್ನು ಬಗ್ಗಿಸಿ, ಸೀಟಿನ ಸಂದಿಯಿಂದ
ಕೂಸನ್ನೆತ್ತುವಷ್ಟು ಹುಷಾರಾಗಿ ಏನನ್ನೋ ಎತ್ತಿ,
ಗುಂಡು ಬಿಚ್ಚಿ, ಪೆಟ್ಟಿಗೆಗೆ ಬೀಗ ಜಡಿದು,
ಡಿಕ್ಕಿಗೆ ಹಾಕಿ ದಪ್ಪೆಂದು ಮುಚ್ಚಿ
ಒಳಗೆ ಬಂದು ಕಾಫಿ ಕೇಳುತ್ತಾರೆ.

ಈ ದಡದಲ್ಲಿ ಪರವಾನಗಿಯ ಚೀಟಿಯಿದ್ದರೆ
ತುಂಬಿದ ಪಿಸ್ತೂಲು ತೊಡೆಯ ಪಕ್ಕದಲ್ಲೇ ಮಲಗಬಹುದು.
ಆ ದಡದಲ್ಲಿ ಆ ಚೀಟಿ ಬರೀ ಚೀಟಿ.
ನಡುವೆ ಎರಡು ನಿಮಿಷದ ಕಬ್ಬಿಣದ ಸೇತುವೆ,
ಚಕ್ರದ ಕೆಳಗೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ.

ಅಭಿಪ್ರಾಯಗಳು ಕಾಫಿಯ ಜೊತೆ ಪುಕ್ಕಟೆ.

ಚಾವಣಿ ಹೊದಿಸುವ ಸ್ಟೌಫರ್ ಹೇಳುತ್ತಾನೆ:
"ನನ್ನ ಕಾರು ನನ್ನ ಮನೆ ಕಣಮ್ಮ, ಚಕ್ರ ಇದೆ ಅಷ್ಟೆ.
ಮನೆಯೊಳಗೆ ಎಲ್ಲಿ ಏನಿಡಬೇಕೆಂದು ನದಿ ಹೇಳಬೇಕೇ?"

ಶಾಲಾ ಬಸ್ಸು ಓಡಿಸುವ ರೆನಾಟಾ ಪಾವ್ಲಕ್
ತಲೆಯೆತ್ತದೆ ಸಕ್ಕರೆ ಕಲಕುತ್ತಾಳೆ:
"ಮನೆಗಳು ಒಂದನ್ನೊಂದು ಓವರ್‌ಟೇಕ್ ಮಾಡಲ್ಲ.
ಮೊನ್ನೆ ಒಬ್ಬ ಕಿಟಕಿ ಇಳಿಸಿ ಬರೀ ತೋರಿಸಿದ. ತೋರಿಸಿದ, ಅಷ್ಟೇ.
ಹಿಂದೆ ನಲವತ್ತೊಂದು ಮಕ್ಕಳು ಹಾಡು ಹೇಳುತ್ತಿದ್ದವು."

ನಿವೃತ್ತ ಪೊಲೀಸ್ ಟೋಬಿನ್ನನ ವರಸೆಯೇ ಬೇರೆ:
"ಡಿಕ್ಕಿಯಲ್ಲಿಟ್ಟರೆ ಡಿಕ್ಕಿಯಿಂದ ಕದೀತಾರೆ.
ನಾನು ಬರೆದುಕೊಂಡ ದೂರುಗಳಲ್ಲಿ ಅರ್ಧ
ಚರ್ಚಿನ ಪಾರ್ಕಿಂಗಿನಲ್ಲಿ ಕಳೆದವು.
ದೇವರ ಹತ್ತಿರ ಹೋಗುವಾಗ ಯಾರೂ ಬೀಗ ಹಾಕಲ್ಲ."

ನಾನು ಆಡಿದ್ದು ಒಂದೇ ಮಾತು:
ಆ ದಡದಲ್ಲಿ ಪೆಟ್ರೋಲನ್ನೂ ನೀವೇ ಹಾಕಿಕೊಳ್ಳುವ ಹಾಗಿಲ್ಲ,
ಅದೂ ಕಾನೂನು.
ನೋಡಿ, ಪಂಪಿನ ಮೂತಿಗೂ ಒಂದು ಕುದುರೆ ಇದೆ, ಬೆರಳಿಟ್ಟು ಒತ್ತುವುದು.
ಎಲ್ಲರೂ ನಕ್ಕರು. ಡೆಲ್ಫೀನಳೂ ನಕ್ಕಳು.

ಡೆಲ್ಫೀನ್ ಓಕ್ಸ್. ಆಚೆ ದಡದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು.
ಗಂಡನೊಬ್ಬನಿದ್ದ; ಬಿಟ್ಟ ಮೇಲೂ ಬಿಡದವನು.
ಅವನು ಹತ್ತಿರ ಸುಳಿಯಬಾರದೆಂದು ಕೋರ್ಟು ಒಂದು ಕಾಗದ ಕೊಟ್ಟಿತ್ತು.
"ಕಾಗದ ಗಾಳಿಗೆ ಹಾರುತ್ತೆ, ಮೇಲೊಂದು ಭಾರ ಇಡಬೇಕಲ್ಲ"
ಎಂದು ಕೊಂಡಿದ್ದಳು ಅದನ್ನು.
ಒಂಬತ್ತು ತಿಂಗಳು, ವಾರಕ್ಕೆ ನಾಲ್ಕು ರಾತ್ರಿ,
ಮೂರನೇ ಪಂಪಿನ ಆಚೆ ತಪ್ಪದೆ ನಿಲ್ಲಿಸಿದಳು.
ಒಂದು ರಾತ್ರಿ ಮಾತ್ರ
ಮಗಳಿಗೆ ಜ್ವರ, ಮೇಲಿಂದ ಮೇಲೆ ಫೋನು, ತಡ.

ಸೇತುವೆಯ ನಡುವೆ ನೆನಪಾಯಿತಂತೆ.
ಸೇತುವೆಯ ಮೇಲೆ ಕಾರು ತಿರುಗಿಸುವ ಹಾಗಿಲ್ಲ.
ಹಿಂಬದಿಯ ದೀಪ ಒಂದು ಉರಿಯುತ್ತಿರಲಿಲ್ಲ. ನಿಲ್ಲಿಸಿದರು.
ಕೇಳಿದರು. "ಇದೆ" ಅಂದಳು,
ಎರಡೂ ಕೈ ಸ್ಟೀರಿಂಗಿನ ಮೇಲೆ, ಬೆರಳು ಬಿಡಿಸಿ,
ತಾಯಿ ಕಲಿಸಿದ್ದಂತೆ, ತಾಯಿಗೆ ಅವಳ ತಾಯಿ ಕಲಿಸಿದ್ದಂತೆ,
ಅವರ ಓಣಿಯ ಕಪ್ಪು ಮಕ್ಕಳಿಗೆಲ್ಲ
ಸೈಕಲ್ಲಿಗೂ ಮುಂಚೆ ಕಲಿಸುವಂತೆ.

ಸುದ್ದಿ ಬಂದ ದಿನ ಸ್ಟೌಫರ್ ತಡೆಯಲಾರದೆ ಅಂದ:
"ನನ್ನನ್ನೂ ಹಿಡಿದಿದ್ದರಲ್ಲ ಮಾರ್ಚಿನಲ್ಲಿ! ಸೀಟಿನ ಕೆಳಗೇ ಇತ್ತು.
ಆ ಪೊಲೀಸಿನ ಅತ್ತೆ ಮನೆ ಚಾವಣಿ ಸೋರುತ್ತಿತ್ತಂತೆ,
ಅದನ್ನೇ ಮಾತಾಡಿ, ವಾಪಸ್ ಹೋಗೆಂದು..."
ಅಲ್ಲಿಗೇ ನಿಲ್ಲಿಸಿದ.
ಲೋಟದೊಳಗೆ ನೋಡಿದ. ನೊಣವೇನೂ ಬಿದ್ದಿರಲಿಲ್ಲ.
ಟೋಬಿನ್ ಟೋಪಿ ಸರಿಮಾಡಿಕೊಂಡ.
ಆ ರಾತ್ರಿ ಯಾರಿಗೂ ಅಭಿಪ್ರಾಯವಿರಲಿಲ್ಲ.

ಮೊಕದ್ದಮೆ ಇನ್ನೂ ನಡೆಯುತ್ತಿದೆ.
ಪಿಸ್ತೂಲು ಒಳಗಿದೆ, ಗಂಡ ಹೊರಗಿದ್ದಾನೆ.

ಈಗ ಡೆಲ್ಫೀನ್ ಬಸ್ಸಿನಲ್ಲಿ ಹೋಗುತ್ತಾಳೆ.
ಹತ್ತೂವರೆಗೆ ನನ್ನ ಗಾಜಿನ ಮುಂದೆ ಸಿಗ್ನಲ್ಲಿಗೆ ಬಸ್ಸು ನಿಲ್ಲುತ್ತದೆ.
ನಾನು ಕೈಯೆತ್ತುತ್ತೇನೆ. ಅವಳು ಎತ್ತುವುದಿಲ್ಲ.
ಮುಂದಿನ ಸೀಟಿನ ಬೆನ್ನಿನ ಮೇಲೆ ಎರಡೂ ಕೈ,
ಬೆರಳು ಬಿಡಿಸಿ, ಕಾಣುವ ಹಾಗೆ.