ಹೊಸತೇನಿಲ್ಲ

ಕೂತುಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಸಡಿಲ.
ಸಾನ್ ಹ್ವಾನ್‌ನಿಂದ ಮ್ಯೂಸಿಯಮ್ಮಿನವರು ಬರುತ್ತಾರೆಂದು
ಮೊಮ್ಮಗ ಫೋನು ಮಾಡಿದಾಗ ಏಡಿ ಬಿಡಿಸುತ್ತಿದ್ದೆ.
ಕೈಯ ವಾಸನೆ ಇನ್ನೂ ಹೋಗಿಲ್ಲ,
ಪುಸ್ತಕ ನೀವೇ ತಿರುವಿ.

ಹೌದು, ಅಪ್ಪನ ಅಕ್ಷರವೇ.
ಉಲ್ಪಿಯಾನೊ ಕಿಂತೇರೊ, ಪಶ್ಚಿಮ ಭೂಶಿರದ ದೀಪಗಾರ.
ಸಾಲು ಬಾಗಬಾರದೆಂದು ಅಳತೆಪಟ್ಟಿ ಇಟ್ಟು ಬರೆಯುತ್ತಿದ್ದ.
ದೀಪ ಹಚ್ಚಿದ್ದು ಇಷ್ಟು ಗಂಟೆಗೆ, ಆರಿಸಿದ್ದು ಇಷ್ಟಕ್ಕೆ,
ಎಣ್ಣೆ ಇಷ್ಟು, ಗಾಳಿ ಇಂಥ ಕಡೆಯದು,
ಕೊನೆಗೆ ಪ್ರತಿ ರಾತ್ರಿಗೂ ಅದೇ ಮಾತು:
ಹೊಸತೇನಿಲ್ಲ.

ಇಪ್ಪತ್ತೆರಡು ವರ್ಷ ಹೊಸತೇನಿಲ್ಲ!
ವಲಸೆ ಹಕ್ಕಿಗಳು ಗಾಜಿಗೆ ಬಡಿದು
ಬೆಳಗಾಗುವಷ್ಟರಲ್ಲಿ ಅಂಗಳದ ತುಂಬ ಬಿದ್ದಿರುತ್ತಿದ್ದವು,
ಅಮ್ಮ ಬುಟ್ಟಿ ಹಿಡಿದು ಆಯ್ದು ಸಾರು ಮಾಡುತ್ತಿದ್ದಳು.
ನಾವು ಪಾದರಸದ ತೊಟ್ಟಿಗೆ ಬೆರಳದ್ದಿ
ಹನಿಗಳನ್ನು ಮೆಟ್ಟಿಲ ಮೇಲೆ ಓಡಿಸುತ್ತಿದ್ದೆವು.
ಅಷ್ಟು ದೊಡ್ಡ ಗಾಜಿನ ಗೂಡು ಆ ರಸದ ಮೇಲೆ ತೇಲುತ್ತಿತ್ತು,
ಕಿರುಬೆರಳಲ್ಲಿ ನೂಕಿದರೂ ತಿರುಗುತ್ತಿತ್ತು.
ಹಗಲೆಲ್ಲ ಅದಕ್ಕೆ ಪರದೆ ಕಟ್ಟಲೇಬೇಕು;
ಒಮ್ಮೆ ಮರೆತು, ಬಿಸಿಲು ಅದರೊಳಗೆ ಹೊಕ್ಕು
ಗುಡ್ಡದ ಹುಲ್ಲು ಸುಟ್ಟು, ನೆರೆಯವರ ಎರಡು ಮೇಕೆ ಸತ್ತವು.
ಇವು ಯಾವುವೂ ಪುಸ್ತಕದಲ್ಲಿಲ್ಲ.
ಕಾಲಂ ಇಲ್ಲವಲ್ಲ.

ಸಂಜೆ ಮೇಲಿನ ಜಗಲಿಯಲ್ಲಿ ನಿಂತರೆ
ದ್ವೀಪದ ಅಂಚಿಗೆ ಹೊಲಿಗೆ ಹಾಕಿದ ಹಾಗೆ ದೀಪಗಳು.
ತೆಂಕಣದ್ದು ಕೆಂಪು, ಮಿನುಗಿ ಎರಡು ಉಸಿರು ತಡೆಯುತ್ತದೆ.
ಬಂಡೆಯ ಮೇಲಿನದು ಅಲುಗದೆ ಉರಿಯುತ್ತದೆ, ಮೊಂಡು.
ಮೂಡಣದ್ದು ಹತ್ತು ಎಣಿಸಿದರೆ ಒಮ್ಮೆ,
ಅದು ದೋನ್ ಕ್ರಿಸ್ಪುಲೊ ಅವರದು.
ಅವರ ಮುಖ ನಾವ್ಯಾರೂ ಕಂಡಿಲ್ಲ, ನಡುವೆ ರಸ್ತೆಯೇ ಇರಲಿಲ್ಲ.
ಆದರೂ ಅಮ್ಮ ಹಾಸಿಗೆ ಹಾಸುವಾಗ ಕಿಟಕಿಗೆ ಬಾಗಿ
"ಮಲಗ್ತೀವಿ, ಪಕ್ಕದ ಮನೆಯವರೇ" ಎನ್ನುವಳು
ಆರು ಹರದಾರಿ ಕತ್ತಲಿನಾಚೆಗೆ.

ಈಗ ಆ ಪುಟ. ಮಾರ್ಚ್ ಹದಿನಾಲ್ಕು.
ಗಾಳಿ ಈಶಾನ್ಯದ್ದು. ಎಣ್ಣೆ ಎಂದಿನಷ್ಟೇ. ಹೊಸತೇನಿಲ್ಲ.
ಆ ರಾತ್ರಿ ಕೆಳಗಿನ ಕೋಣೆಯಲ್ಲಿ ಅಮ್ಮ ಹೆತ್ತು ಸತ್ತಳು.
ಕೂಸೂ ಉಳಿಯಲಿಲ್ಲ. ನನಗೆ ಏಳು ವರ್ಷ.
ಅಪ್ಪ ಮೇಲಿದ್ದ.
ತೂಕದ ಗುಂಡು ಇಳಿದಂತೆಲ್ಲ ಹಿಡಿ ತಿರುವಿ ಎತ್ತಬೇಕು,
ಇಲ್ಲದಿದ್ದರೆ ದೀಪ ನಿಂತೀತು, ಹಡಗಿನವರು ದಾರಿ ತಪ್ಪಿಯಾರು.
ಈ ಸಾಲು ಓದಿದಾಗ ನನಗೆ ಹದಿನೇಳು.
ಆಮೇಲೆ ಅವನು ಸಾಯುವ ತನಕ ಅವನೊಡನೆ
ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಮಾತು.
ದೀಪದ ಬುಡ ಕತ್ತಲೆ ಎನ್ನುತ್ತಾರೆ ಜನ, ಹೇಳುವುದು ಸುಲಭ;
ನಾನು ಆ ಬುಡದಲ್ಲಿ ಉಂಡು ಬೆಳೆದವಳು.

ಅದೇನು, ಇನ್ನೊಂದು ಪುಸ್ತಕ? ಯಾರದು?
ದೋನ್ ಕ್ರಿಸ್ಪುಲೊ...
ಕನ್ನಡಕ ಎಲ್ಲಿಟ್ಟೆನೋ. ಇರಲಿ, ಓದಿ. ನಿಧಾನ.

"ಎರಡು ಗಂಟೆ ಹತ್ತು. ಪಶ್ಚಿಮದ ದೀಪ ತಿರುಗುವುದು ನಿಂತಿತು.
ಆರಿಲ್ಲ. ನನ್ನ ಕಡೆಗೇ ಮುಖ ಮಾಡಿ ನಿಂತಿದೆ.
ನಾಲ್ಕು ನಿಮಿಷ. ಮತ್ತೆ ತಿರುಗಿತು. ಕಾರಣ ತಿಳಿಯದು.
ಆ ಮನೆಯವರನ್ನು ದೇವರು ಕಾಯಲಿ."

ಇನ್ನೊಮ್ಮೆ ಓದಿ.

ಎಪ್ಪತ್ತೆಂಟು ಮೆಟ್ಟಿಲು.
ಇಳಿಯಲು ಒಂದು ನಿಮಿಷ,
ಹತ್ತಲು ಒಂದೂವರೆ, ಮಂಡಿನೋವು ಬೇರೆ ಅವನಿಗೆ.
ಉಳಿದದ್ದು ನೀವೇ ಲೆಕ್ಕ ಹಾಕಿ.
ಅಷ್ಟು ಹೊತ್ತು ಅವನು ಅವಳ ಹತ್ತಿರ ಇದ್ದ.
ಅಷ್ಟು ಹೊತ್ತು ಕಡಲನ್ನು ಬಿಟ್ಟಿದ್ದ.
ಬರೆದಿದ್ದರೆ ಕೆಲಸ ಹೋಗುತ್ತಿತ್ತು. ಅಥವಾ
ಬರೆಯಲು ಯಾವ ಪದವೂ ಸಿಕ್ಕಿರಲಿಕ್ಕಿಲ್ಲ,
ಅಳತೆಪಟ್ಟಿ ಇಟ್ಟರೂ.

ಗಾಜಿನ ಪೆಟ್ಟಿಗೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಡುತ್ತೀರಾ?
ಹಾಗಾದರೆ ತೆಗೆದುಕೊಂಡು ಹೋಗಿ.
ಮೊದಲು ಏಡಿ ತಿನ್ನಿ, ತಣ್ಣಗಾದರೆ ಚೆನ್ನಾಗಿರುವುದಿಲ್ಲ.
ಮತ್ತೆ, ಆ ಮುದುಕರಿಗೆ ಮಕ್ಕಳೇನಾದರೂ ಇದ್ದರೆ?
ವಿಳಾಸ ಇದ್ದರೆ
ಇಲ್ಲಿ, ಈ ಲಕೋಟೆಯ ಹಿಂದೆ, ಬರೆದುಕೊಡಿ.