ಟ್ಯಾಂಕಿಂದ ಟ್ಯಾಂಕಿಗೆ

ಗೂಡಿನ ಹರಾಜು ಚೀಟಿಗೆ ಬೆನ್ನು ಬಿಳಿ.
ಅದರ ಮೇಲೇ ಬರೆದೆ: ಕಿಲೋಮೀಟರು, ಲೀಟರು, ಯಾವ ಬಂಕು.
ಮೂರು ತಿಂಗಳು, ಫುಲ್ಲಿಂದ ಫುಲ್ಲಿಗೆ,
ಪೈಪು ತಾನಾಗಿ ‘ಟಕ್’ ಅನ್ನುವವರೆಗೆ,
ಚಿಲ್ಲರೆ ಸರಿಮಾಡಲು ಹುಡುಗ ಇನ್ನೆರಡು ಸಲ ಒತ್ತಬಂದರೆ
ಕೈ ಹಿಡಿದು ನಿಲ್ಲಿಸಿ.

ಶುರು ಮಾಡಿದವನು ಕದಿರಪ್ಪ.
“ಅಣ್ಣ, ತೊಂಬತ್ತೈದು ಹಾಕ್ಸು, ಗಾಡಿ ಹಾರ್ತದೆ.”
ನಮ್ಮದು ಪೆಟ್ರೋಲಿನ ಪುಟ್ಟ ಟ್ರಕ್ಕು,
ಹಾರಿದರೆ ಮೊದಲು ಹಾರುವುದು ಹಿಂಬಾಗಿಲು;
ತಂತಿ ಸುತ್ತಿ ಕಟ್ಟಿದ್ದೇನೆ.
ಪಂದ್ಯ ಆಯಿತು: ಸೋತವನು ಮೇಲೂರಿನಲ್ಲಿ
ಇಬ್ಬರಿಗೂ ಬೋಂಡ ಕೊಡಿಸಬೇಕು.

ಶಿಡ್ಲಘಟ್ಟದ ಸುತ್ತ ಮೂರು ಬಂಕು.
ಕಿತ್ತಳೆ ಬಂಕಿನದು ಬೇಗ ಆವಿಯಾಗುತ್ತದಂತೆ,
ಹಳದಿಯವನು ಅಳತೆಯಲ್ಲಿ ಹೊಡೆಯುತ್ತಾನಂತೆ,
ನೀಲಿ ಬಂಕಿನದು ಶುದ್ಧವಂತೆ, ಯಾಕೆಂದರೆ
ಅಲ್ಲಿನ ಕಕ್ಕಸು ಶುದ್ಧ.
ಟ್ಯಾಂಕರಿನ ಡ್ರೈವರು ಪಿಳ್ಳಮುನಿ ನಕ್ಕ:
“ಮೂರೂ ಒಂದೇ ರಸ್ತೇಲಿ ಬರೋದು ಕಣಣ್ಣ,
ಬಣ್ಣ ಬೇರೆಯಾಗೋದು ನಿಮ್ಮೂರಿಗೆ ಬಂದ್ಮೇಲೆ.”

ಸಾದಲಿಯಿಂದ ರೇಷ್ಮೆಗೂಡು ಹೇರಿದರೆ ಗಾಡಿ ತುಂಬಿ ತುಳುಕುತ್ತದೆ,
ತೂಕ ಮಾತ್ರ ಚಪ್ಪರದ ನೆರಳಿನಷ್ಟು.
ಮಾರನೇ ದಿನ ರೀಲಿಂಗ್ ಒಲೆಗಳಿಗೆ ಸೌದೆ,
ಅರ್ಧ ಹೇರಿದರೂ ಪಟ್ಟಿ ನರಳುತ್ತದೆ.
ಇದನ್ನೂ ಬರೆದೆ: ‘ಗೂ’, ‘ಸೌ’.

ಮೇಸ್ತ್ರಿ ಫಯಾಜ್ ಬಾನೆಟ್ಟಿನೊಳಗೆ ತಲೆಯಿಟ್ಟೇ ಹೇಳಿದ:
“ಆಕ್ಟೇನು ಅಂದ್ರೆ ಬಲ ಅಂದ್ಕೊಂಡ್ರಾ? ಅದು ತಾಳ್ಮೆ.
ಎಷ್ಟು ಹಿಂಡಿದರೂ ಕಿಡಿ ಬರೋವರೆಗೆ
ಹತ್ತಿಕೊಳ್ಳದೆ ಕಾಯೋ ಗುಣ.
ನಿಮ್ಮ ಇಂಜಿನ್ನು ಅಷ್ಟು ಹಿಂಡೋದೇ ಇಲ್ಲ.
ಬೇಡದ ತಾಳ್ಮೆಗೆ ದುಡ್ಡು ಯಾಕೆ?
ಆ ಎಡಗಡೆ ಟಯರಿಗೆ ಗಾಳಿ ಹೊಡಿಸಿ ಮೊದಲು.”

ಹಿಂದೆ ಚೀಲಗಳಲ್ಲಿ ಗೂಡು ಪಿಸುಗುಟ್ಟುತ್ತಿತ್ತು.
ಒಳಗಿನ ಹುಳಕ್ಕೂ ಅದೇ ಲೆಕ್ಕ;
ನಾವು ಮಾರ್ಕೆಟ್ಟು ಮುಟ್ಟುವ ಮುಂಚೆ ಚಿಟ್ಟೆಯಾಗಿ ತೂತು ಕೊರೆದರೆ
ಎಳೆ ತುಂಡು, ಅಮ್ಜದ್ ಸಾಬರು ಬೆಲೆ ಕೂಗುವುದಿಲ್ಲ.

ಕೂಡಿ ಭಾಗಿಸಿದೆ.
ಕಿತ್ತಳೆ ಹದಿನಾರು, ಹಳದಿ ಹದಿನಾರು ಚಿಲ್ಲರೆ,
ನೀಲಿ ಹದಿನಾರಕ್ಕೆ ಒಂದೆಳೆ ಕಮ್ಮಿ.
ತೊಂಬತ್ತೈದೂ ಹದಿನಾರೇ, ಜೇಬು ಮಾತ್ರ ಹಗುರ.
ಎರಡು ಚೀಟಿ ಮಾತ್ರ ಸಾಲಿಗೆ ಕೂರಲಿಲ್ಲ.

ಒಂದರಲ್ಲಿ ಹನ್ನೆರಡೂ ಮುಕ್ಕಾಲು, ಅದೂ ದುಬಾರಿ ಪೆಟ್ರೋಲಿಗೆ,
ಅದೂ ‘ಗೂ’.
ತಿರುಗಿಸಿ ತಾರೀಕು ನೋಡಿದೆ:
ತಮ್ಮ ಚನ್ನರಾಯ ಬೋರಿನ ಮೋಟರಿನಲ್ಲಿ ಪಾಲು ಕೇಳಿದ ವಾರ.
ಎರಡನೇ ಗೇರಿನಲ್ಲೇ ಕಿರುಚಿಸುತ್ತ ಹೋಗಿದ್ದೆ,
ಅವನ ಕುತ್ತಿಗೆಯೇ ಕಾಲಡಿ ಇದ್ದಂತೆ
ಎಕ್ಸಲೇಟರು ಅದುಮುತ್ತ.

ಇನ್ನೊಂದು ಹದಿನೆಂಟೂವರೆ.
ಸಾದಾ ಪೆಟ್ರೋಲು, ಅಳತೆಯಲ್ಲಿ ಹೊಡೆಯುವ ಹಳದಿ ಬಂಕಿನದೇ.
ಆ ವಾರವೆಲ್ಲ ಶಾಲೆಗಳಿಗೆ ಮೊಟ್ಟೆ ಹಾಕಿದ್ದೆ.
ಮೂವತ್ತರ ಟ್ರೇ, ಒಂದರ ಮೇಲೊಂದು,
ದಿಬ್ಬೂರಹಳ್ಳಿ ಹಂಪುಗಳಲ್ಲಿ ಉಸಿರು ಬಿಗಿಹಿಡಿದು,
ಬ್ರೇಕಿನ ಬದಲು ದೂರದಿಂದಲೇ ಕಾಲೆತ್ತಿ.
ಒಡೆದದ್ದು ಒಟ್ಟು ಏಳು.

ಬಂಕಿನ ಲೆಕ್ಕ ಬರೆಯಲು ಹೋಗಿ
ಬಲಗಾಲಿನ ಜಾತಕ ಬರೆದಿಟ್ಟಿದ್ದೆ.

ಕದಿರಪ್ಪ ಒಪ್ಪಲಿಲ್ಲ.
“ಮೊಟ್ಟೆ ವಾರ ತೊಂಬತ್ತೈದು ಹಾಕಿದ್ದಿದ್ರೆ ಇಪ್ಪತ್ತು ಬರ್ತಿತ್ತು.”
ಇದಕ್ಕೆ ನನ್ನಲ್ಲಿ ಚೀಟಿ ಇಲ್ಲ.
ಮೇಲೂರಿನಲ್ಲಿ ಅವರವರ ಬೋಂಡಕ್ಕೆ ಅವರವರೇ ಕೊಟ್ಟೆವು.

ನಿನ್ನೆ ಎಚ್ ಕ್ರಾಸ್ ದಾಟಿದ ಏರಿನಲ್ಲಿ
ಚನ್ನರಾಯನ ಫೋನು, ಮೂರು ತಿಂಗಳ ಮೇಲೆ.
ಪಕ್ಕಕ್ಕೆ ಹಾಕಿದೆ. ಇಂಜಿನ್ನು ಆಫ್ ಮಾಡಲು ಮರೆತೆ.
ಮಾತು ಮುಗಿಯುವಷ್ಟರಲ್ಲಿ
ನಿಂತಲ್ಲೇ ಎಷ್ಟು ಉರಿಯಿತೋ.
ಆ ಟ್ಯಾಂಕಿನ ಲೆಕ್ಕ ಈ ಸಲ ಬರೆಯಲಿಲ್ಲ.